ನೈತಿಕ ಸಿದ್ಧಾಂತವನ್ನು ಒಪ್ಪುವ ಮುನ್ನ

ಮಾನ್ಯ ಸಂಪಾದಕರೇ,

ಒಂದು ನೈತಿಕ ಸಿದ್ಧಾಂತದ ತೀರ್ಮಾನ ಮನಸ್ಸಿಗೆ ಒಗ್ಗದಿದ್ದರೆ ಆ ಸಿದ್ಧಾಂತವನ್ನೇ ತಳ್ಳಿಹಾಕುವ ಆತುರ ಸಾರ್ವಜನಿಕ ಚರ್ಚೆಗಳಲ್ಲಿ ಎದ್ದು ಕಾಣುತ್ತದೆ. ಈ ನಿಲುವು ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ.

ಸಿದ್ಧಾಂತದೊಳಗೆ ವಿರೋಧಾಭಾಸ ಇರಬಾರದು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಸಿದ್ಧಾಂತದ ತೀರ್ಮಾನ ಅಂತಃಸಾಕ್ಷಿಗೆ ಎದುರಾದಾಗಲೇ ನಿಜವಾದ ಕಷ್ಟ. ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿಕೊಂಡು ಕೊಲೆಗಾರನೇ ಬಂದು ಕೇಳಿದರೂ ಸುಳ್ಳು ಹೇಳಕೂಡದೆಂದು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ವಾದಿಸಿದರು. ಇಲ್ಲಿ ನಾನು ನಿಸ್ಸಂಕೋಚವಾಗಿ ಅಂತಃಸಾಕ್ಷಿಯ ಪರ. ಆದರೆ ಅಂತಃಸಾಕ್ಷಿಯೂ ತಪ್ಪಬಹುದು: ಕೆಲವರು ಹುಟ್ಟಿನಿಂದಲೇ ಗುಲಾಮರೆಂಬುದು ಅರಿಸ್ಟಾಟಲ್‌ನಂಥ ಚಿಂತಕನಿಗೂ ಸಹಜವಾಗಿ ತೋರಿತ್ತು. ಪ್ರಾಣಿಗಳು ನರಳಬಲ್ಲವೇ ಎಂಬುದೇ ಮುಖ್ಯ ಪ್ರಶ್ನೆಯೆಂದು 1789ರಲ್ಲಿ ಪ್ರಕಟವಾದ ಕೃತಿಯಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ ಬರೆದದ್ದು ಸುಖದುಃಖಗಳನ್ನೇ ಅಳತೆಗೋಲಾಗಿಸಿಕೊಂಡ ಸಿದ್ಧಾಂತದ ಬಲದಿಂದಲೇ ಹೊರತು ರೂಢಿಯ ಬಲದಿಂದಲ್ಲ.

ಆದ್ದರಿಂದ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ಸೂಚಿಸಿದ ದಾರಿ ನನಗೆ ಹೆಚ್ಚು ಸಮಂಜಸವೆನಿಸುತ್ತದೆ: ಭಯ, ಆವೇಶ, ಸ್ವಾರ್ಥಗಳಿಲ್ಲದೆ ಶಾಂತಚಿತ್ತದಿಂದ ತಳೆದ ತೀರ್ಪುಗಳನ್ನು ತತ್ತ್ವಗಳೊಂದಿಗೆ ಹೋಲಿಸಿ, ಎರಡೂ ಹೊಂದುವವರೆಗೆ ಒಮ್ಮೆ ಇದನ್ನು, ಒಮ್ಮೆ ಅದನ್ನು ತಿದ್ದುತ್ತ ಹೋಗುವುದು. ನಮ್ಮ ಪೂರ್ವಗ್ರಹಗಳೂ ಪರಸ್ಪರ ಚೆನ್ನಾಗಿಯೇ ಹೊಂದಿಕೊಂಡಿರಬಹುದು ಎಂಬ ಆಕ್ಷೇಪ ಗಂಭೀರವಾದದ್ದೇ. ಅದಕ್ಕಾಗಿಯೇ, ಸಿದ್ಧಾಂತದ ಹೊರೆಯನ್ನು ಯಾರು ಹೊರಬೇಕಾಗುತ್ತದೋ ಅವರ ತೀರ್ಪುಗಳನ್ನೂ ಈ ತೂಗುವಿಕೆಯಲ್ಲಿ ಸೇರಿಸಿಕೊಳ್ಳಬೇಕು. ತಮ್ಮ ಪತ್ರಿಕೆಯ ಇಂಥ ಚರ್ಚೆಗಳಲ್ಲಿ ಅವರ ಬರಹಗಳಿಗೂ ಸ್ಥಳ ಸಿಗಲೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ