ಷಟಲ್ ಹಾಲ್‌ಗೆ ಸ್ಟೀಲ್ ಜಾಲರಿ: ಭಾನುವಾರ ನೋಡಲು ಬನ್ನಿ

ಎಲ್ಲರಿಗೂ ನಮಸ್ಕಾರ.

ವಿದ್ಯಾನಗರದ ನಮ್ಮ ಷಟಲ್ ಹಾಲ್‌ನ ಹೊಸ ನಕ್ಷೆ ಬಂದಿದೆ. ಪಶ್ಚಿಮದ ಕಿಟಕಿ ಸಾಲಿನ ಹೊರಗೆ ಸ್ಟೀಲ್ ಜಾಲರಿ ಹಾಕಬೇಕು ಅಂತ ಇದೆ. ಭಾನುವಾರ ಸಂಜೆ 4ಕ್ಕೆ ಮಾದರಿ ತುಂಡುಗಳನ್ನು ಕಟ್ಟಿ ತೋರಿಸುತ್ತೇವೆ. ಸಂಜೆ ಬ್ಯಾಚಿನವರು ತಪ್ಪದೇ ಬನ್ನಿ, ಬಿಸಿಲು ಕಣ್ಣಿಗೆ ಹೊಡೆಯುವುದು ನಿಮಗೇ ಜಾಸ್ತಿ ಅಲ್ವಾ.

ಗಾಜು ಯಾಕೆ ಬೇಡ ಅಂತ ಕೆಲವರು ಕೇಳಿದ್ದೀರಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಗಾಜು ಮುಚ್ಚಿದರೆ ಒಳಗೆ ಬೆಂದು ಹೋಗುತ್ತೇವೆ. ಜಾಲರಿ ಬಿಸಿಲು ತಡೆದು ಗಾಳಿ ಬಿಡುತ್ತದೆ. ಮ್ಯಾಡ್ರಿಡ್‌ನಲ್ಲಿ 2009ರಲ್ಲಿ ತೆರೆದ ಕಾಹಾ ಮಾಹಿಕಾ ಟೆನಿಸ್ ಕ್ರೀಡಾಂಗಣಕ್ಕೂ ವಾಸ್ತುಶಿಲ್ಪಿ ಡೊಮಿನಿಕ್ ಪೆರೊ ಲೋಹದ ಜಾಲರಿಯನ್ನೇ ಹೊದಿಸಿದ್ದಾರೆ. ಹಗಲು ಅದು ಹೊಳೆಯುತ್ತದೆ, ರಾತ್ರಿ ಒಳಗಿನ ದೀಪ ಅದರ ಮೂಲಕ ಕಾಣುತ್ತದೆ.

ಬಂದವರು ಕೋರ್ಟಿನ ಒಳಗೆ ನಿಂತು ಮೇಲೆ ಹಾರುವ ಕಾಕ್ ನೋಡಿ. ಜಾಲರಿಯ ನೆರಳು ಪಟ್ಟೆಪಟ್ಟೆಯಾಗಿ ಬಿದ್ದರೆ ಕಾಕ್ ಕಾಣುವುದಿಲ್ಲ. ಕತ್ತರಿಸಿದ ಅಂಚನ್ನೂ ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಜಿಐ (ಅಂದರೆ ಸತು ಲೇಪಿಸಿದ) ಜಾಲರಿಯನ್ನು ಲೇಪನ ಆದ ಮೇಲೆ ಕತ್ತರಿಸಿದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಅಳತೆಗೆ ಕತ್ತರಿಸಿ, ಆಮೇಲೆ ಲೇಪನ ಮಾಡಿಸಬೇಕು ಅನ್ನುವುದು ನನ್ನ ಒತ್ತಾಯ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಸರಿ. ಗೋಡೆಗೂ ಜಾಲರಿಗೂ ನಡುವಿನ ಸಂದಿಯ ಕೆಳಬದಿಗೆ ಸಣ್ಣ ಕಣ್ಣಿನ ಬಲೆ ಬೇಕೇ ಬೇಕು, ಇಲ್ಲದಿದ್ದರೆ ಪಾರಿವಾಳ ಗೂಡು ಕಟ್ಟುತ್ತವೆ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಬರಲಾಗದವರು ಯಾವ ಕೋರ್ಟಲ್ಲಿ, ಎಷ್ಟು ಗಂಟೆಗೆ ಬಿಸಿಲು ಕಾಡುತ್ತದೆ ಅಂತ ಬರೆದು ತಿಳಿಸಿ.