ಆಮೆಯ ಮೆದುಳು ಮತ್ತು ನೀನು ಕಳಿಸಿದ ಡಬ್ಬಿ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಆಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ನಿನ್ನೆ ಬಂತು. ದೊಡ್ಡಮ್ಮನಿಗೆ ಲಕ್ವ ಹೊಡೆದಾಗಿನಿಂದ ನಿನಗೆ ಎಷ್ಟು ಸಂಕಟ ಆಗಿದೆ ಅಂತ ಅದನ್ನು ನೋಡಿಯೇ ಗೊತ್ತಾಯಿತು. "ಆಮೆಯ ಮೆದುಳು ಆಮ್ಲಜನಕವಿಲ್ಲದೆ ತಿಂಗಳುಗಟ್ಟಲೆ ತಡೆಯುತ್ತೆ, ಅದರಲ್ಲಿ ವಿಟಮಿನ್ ಸಿ ಜಾಸ್ತಿ ಇದೆ, ದೊಡ್ಡಮ್ಮನೂ ತಗೊಳ್ಳಲಿ" ಅಂತ ಚೀಟಿ ಇಟ್ಟಿದ್ದೀಯ. ಮೊದಲ ಎರಡು ಮಾತು ನಿಜ. ಮೂರನೆಯದನ್ನು ಮಾತ್ರ ನಾನು ಒಪ್ಪಲಾರೆ.

ಉತ್ತರ ಅಮೆರಿಕದ ಪೇಂಟೆಡ್ ಟರ್ಟಲ್ ಎಂಬ ಆಮೆ ಅಂದರೆ ನನಗೆ ಇವತ್ತಿಗೂ ಬೆರಗು. ಚಳಿಗಾಲದಲ್ಲಿ ಕೊಳದ ಮೇಲೆ ಹಿಮ ಗಟ್ಟಿಯಾಗುತ್ತೆ, ಇದು ಅಡಿಯಲ್ಲೇ ಉಳಿದುಬಿಡುತ್ತೆ. 3 ಡಿಗ್ರಿ ತಣ್ಣಗಿನ, ಆಮ್ಲಜನಕವೇ ಇಲ್ಲದ ನೀರಿನಲ್ಲಿ ಮೂರು ತಿಂಗಳಿಗೂ ಹೆಚ್ಚು ಬದುಕಬಲ್ಲದು. ಮೈಯಲ್ಲಿ ಸೇರುವ ಹುಳಿಯನ್ನು, ಅಂದರೆ ಆಮ್ಲವನ್ನು, ಅದರ ಚಿಪ್ಪೇ ಹೀರಿಕೊಳ್ಳುತ್ತೆ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಏರುತ್ತೆ, ನರಕೋಶಗಳು ಒಂದೊಂದಾಗಿ ಸುಮ್ಮನಾಗುತ್ತವೆ. ಶಕ್ತಿಯ ಖರ್ಚು ಅಷ್ಟು ಇಳಿದಿರುವುದರಿಂದ ಇರುವ ಸಕ್ಕರೆಯಲ್ಲೇ ಕಾಲ ತಳ್ಳುತ್ತೆ. ನಮ್ಮ ಮೆದುಳು ತೂಗುವುದು ದೇಹದ ಶೇ. 2ರಷ್ಟು, ನುಂಗುವುದು ಶೇ. 20ರಷ್ಟು ಆಮ್ಲಜನಕ. ಅದಕ್ಕೆ ಖರ್ಚು ಇಳಿಸುವುದೇ ಗೊತ್ತಿಲ್ಲ. ಲಕ್ವದಲ್ಲಿ ರಕ್ತ ನಿಂತು ಆಮ್ಲಜನಕ ತಪ್ಪಿದರೆ ಕೆಲವೇ ನಿಮಿಷದಲ್ಲಿ ಕೋಶಗಳು ಸಾಯತೊಡಗುತ್ತವೆ.

ವಿಟಮಿನ್ ಸಿ ಕೆಲಸಕ್ಕೆ ಬರುವುದು ಆಮೆ ಮೇಲೆ ಬಂದು ಮತ್ತೆ ಉಸಿರೆಳೆದಾಗ. ಆಮ್ಲಜನಕ ಒಮ್ಮೆಲೇ ನುಗ್ಗಿದರೆ ಫ್ರೀ ರ್‍ಯಾಡಿಕಲ್‌ಗಳೆಂಬ ಪುಂಡ ಕಣಗಳು ಹುಟ್ಟಿ ಕೋಶವನ್ನು ಸುಡುತ್ತವೆ. ಅವನ್ನು ತಣಿಸುವುದೇ ಆಂಟಿಆಕ್ಸಿಡೆಂಟ್‌ನ ಕೆಲಸ, ವಿಟಮಿನ್ ಸಿ ಅಂಥದ್ದೊಂದು. 1995ರಲ್ಲಿ ನ್ಯೂಯಾರ್ಕ್‌ನ ವಿಜ್ಞಾನಿ ಮಾರ್ಗರೆಟ್ ರೈಸ್ ಮತ್ತು ಜೊತೆಗಾರರು ಆಮೆಯ ಮೆದುಳಿನಲ್ಲಿ ಈ ವಿಟಮಿನ್ ಸಸ್ತನಿಗಳಿಗಿಂತ ಎರಡು-ಮೂರು ಪಟ್ಟು ಇದೆ ಎಂದು ತೋರಿಸಿದರು. ಆದರೆ ಆಮೆ ಅದನ್ನು ತಾನೇ ತಯಾರಿಸಿಕೊಳ್ಳುತ್ತೆ. ನಮ್ಮ ದೇಹಕ್ಕೆ ಆ ಶಕ್ತಿಯೇ ಇಲ್ಲ. ಇನ್ನು ನಾವು ಎಷ್ಟು ನುಂಗಿದರೂ ಮೆದುಳು ತನಗೆ ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಳ್ಳುತ್ತೆ, ಮಿಕ್ಕಿದ್ದು ಮೂತ್ರಕ್ಕೆ ಹೋಗುತ್ತೆ.

ಇದೇ ಆಸೆಯಿಂದ ಲಕ್ವಕ್ಕೆ ಔಷಧಿಯನ್ನೂ ಮಾಡಿದ್ದರು. ಎನ್‌ಎಕ್ಸ್‌ವೈ-059 ಅಂತ, ಫ್ರೀ ರ್‍ಯಾಡಿಕಲ್ ಹಿಡಿಯುವಂಥದ್ದು. 2006ರಲ್ಲಿ ಮೊದಲ ದೊಡ್ಡ ಪ್ರಯೋಗ ಭರವಸೆ ಕೊಟ್ಟಿತು, 2007ರಲ್ಲಿ ಇನ್ನೂ ದೊಡ್ಡದರಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯೇ ಆಯಿತು. ಅದು ವರದಿಯಾಗಿದ್ದು 1994ರಲ್ಲಿ. ಆಂಟಿಆಕ್ಸಿಡೆಂಟ್ ತಾನೇ, ಒಳ್ಳೆಯದೇ ಇರುತ್ತೆ ಅಂತ ಯಾರಿಗೂ ಕೊಡಬೇಡ ಮಗಳೇ. ನಿನ್ನ ಡಬ್ಬಿಯಲ್ಲಿ ವಿಟಮಿನ್ ಇ ಕೂಡ ಇದೆ. ದೊಡ್ಡಮ್ಮ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾಳೆ. ಎರಡೂ ಸೇರಿದರೆ ರಕ್ತಸ್ರಾವ ಹೆಚ್ಚಬಹುದು.

ಆ ಬೆಳಿಗ್ಗೆ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಅವಳ ಎಡಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಬಲಗೈಯಲ್ಲಿ ಬಟ್ಟೆ ಹಿಡಿದು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು, ಎಡಕ್ಕೆ ಹರಿದಿದ್ದ ಕಾಫಿ ಅವಳಿಗೆ ಕಾಣಲೇ ಇಲ್ಲ. ನಾನು "ಸುಸ್ತಾಗಿರಬೇಕು, ಮಲಗು" ಅಂದೆ. ಎರಡು ಗಂಟೆ ಹಾಗೇ ಹೋಯಿತು. ಮೆದುಳಿನ ರಕ್ತನಾಳ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಮೆದುಳು ಉಳಿಯುತ್ತೆ. ಬಾಯಿ ಒಂದು ಕಡೆ ಸೊಟ್ಟ ಆದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಮಲಗಿಸಬೇಡ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಕರೆದುಕೊಂಡು ಹೋಗು.

ಡಬ್ಬಿ ಬೀರುವಿನಲ್ಲಿದೆ, ಯುಗಾದಿಗೆ ಬಂದಾಗ ವಾಪಸ್ ತಗೊಂಡು ಹೋಗು. ನಿಮ್ಮಪ್ಪನ ಬಿಪಿ ನೋಡಿಸಿ ಎಷ್ಟು ದಿನ ಆಯಿತು? ಈ ವಾರವೇ ನೋಡಿಸಿ, ಎಷ್ಟು ಬಂತು ಅಂತ ನನಗೆ ಬರೆ.

ನಿನ್ನ ದೊಡ್ಡಪ್ಪ