ವರ ಹೋಗಿ ಮರ ಆದದ್ದು

ಬೆಟಗೇರಿ, ಗದಗ

ಚಿ. ಪವಿತ್ರಾಳಿಗೆ ಅಜ್ಜ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ನಿಮ್ಮವ್ವ ಫೋನ್ ಮಾಡಿದ್ದಳು. ಹುಬ್ಬಳ್ಳಿಯಲ್ಲಿ ನಿನಗೆ ಕನ್ನಡಕ ಮಾಡಿಸಿ ಎರಡು ತಿಂಗಳಾಯಿತಂತೆ. ಮೈನಸ್ ಒಂದೂವರೆ ನಂಬರಂತೆ. ನೀನು ಅದನ್ನು ಡಬ್ಬಿಯಿಂದ ಹೊರಗೇ ತೆಗೆಯುವುದಿಲ್ಲವಂತೆ. ಬೋರ್ಡ್ ಕಾಣದೆ ಗೆಳತಿಯ ನೋಟ್ಸ್ ನೋಡಿ ಬರೆದುಕೊಳ್ಳುತ್ತೀಯಂತೆ. ಬೈಯಲು ಈ ಕಾಗದ ಬರೆಯುತ್ತಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀನು ಸಣ್ಣವಳಿದ್ದಾಗ ಹಂಪಿಗೆ ಹೋಗಿದ್ದೆವು, ನೆನಪಿದೆಯಾ? ವಿರೂಪಾಕ್ಷನ ಗುಡಿಯೊಳಗೆ ಒಂದು ಕತ್ತಲೆ ಜಾಗ, ಗೋಡೆಯಲ್ಲಿ ಸಣ್ಣ ಕಿಂಡಿ. ಎದುರಿನ ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಮೂಡಿತ್ತು. ನೀನು ಹೆದರಿ ನನ್ನ ಧೋತರ ಹಿಡಿದುಕೊಂಡಿದ್ದೆ. ಅದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಬೆಳಕು ನೆಟ್ಟಗೆ ಹೋಗುತ್ತದೆ, ಅಷ್ಟೇ. ಗೋಪುರದ ತುದಿಯಿಂದ ಹೊರಟಿದ್ದು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟಿದ್ದು ಮೇಲೆ.

ಕಣ್ಣೂ ಅಂಥದೇ ಒಂದು ಕತ್ತಲೆ ಕೋಣೆ. ನಡುವಿನ ಪಾಪೆಯೇ ಕಿಂಡಿ. ಬಿಸಿಲಿಗೆ ಅದು ಮುದುಡುತ್ತದೆ, ಕತ್ತಲಲ್ಲಿ ಅರಳುತ್ತದೆ. ಮುಂದಿರುವ ಗಾಜಿನಂಥ ಕಾರ್ನಿಯಾ ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ತಾನೇ ಮಾಡುತ್ತದೆ. ಉಳಿದದ್ದು ಒಳಗಿನ ಮಸೂರದ್ದು. ಹಿಂದಿನ ಗೋಡೆ ರೆಟಿನಾ. ಅಲ್ಲಿಯೂ ಚಿತ್ರ ತಲೆಕೆಳಗೇ! ಅದನ್ನು ನೆಟ್ಟಗೆ ತಿಳಿದುಕೊಳ್ಳುವುದು ಮೆದುಳು. ಇದನ್ನು ನಂಬಲು ನನಗೇನೂ ಕಷ್ಟವಾಗಲಿಲ್ಲ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ, ಅಂದರೆ ಲೋಹದ ಅಕ್ಷರ, ಜೋಡಿಸಿದವನು ನಾನು. ಮೊಳೆ ಜೋಡಿಸಲು ಕೈಯಲ್ಲಿ ಹಿಡಿಯುವ ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿಯೇ ಕೂತಿರುತ್ತವೆ. ಮೊದಮೊದಲು ತಲೆ ಸುತ್ತು ಬರುತ್ತಿತ್ತು. ಆಮೇಲೆ ಅವು ಉಲ್ಟಾ ಇವೆ ಅನ್ನುವುದೇ ಮರೆತುಹೋಯಿತು.

ಇನ್ನು ನಿನ್ನ ಮೈನಸ್. ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಒಂದು ಮಿಲಿಮೀಟರ್ ಉದ್ದ ಜಾಸ್ತಿಯಾದರೆ ಎರಡೂವರೆ, ಮೂರು ನಂಬರ್ ಬರುತ್ತದೆ. ದೂರದ ಚಿತ್ರ ಗೋಡೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ, ಗೋಡೆಯ ಮೇಲೆ ಬೀಳುವುದು ಬರೀ ಮಬ್ಬು. ಹಾಗೆ ಲೆಕ್ಕ ಹಾಕಿದರೆ ನಿನ್ನದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ನಮ್ಮ ಪ್ರೆಸ್ಸಿನ ಅಳತೆಯಲ್ಲಿ ಒಂದೂವರೆ ಪಾಯಿಂಟ್! ಸಾಲು ಅಷ್ಟು ಸಡಿಲವಾದರೆ ನಾವು ನಡುವೆ ಒಂದು ತೆಳು ಪಟ್ಟಿ ಸೇರಿಸಿ ಮುಂದೆ ಹೋಗುತ್ತಿದ್ದೆವು. ಯಾರೂ ನಾಚಿಕೊಳ್ಳುತ್ತಿರಲಿಲ್ಲ.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಅಂತ ನಿನ್ನ ಗೆಳತಿ ಹೇಳಿದಳಂತೆ. ಸುಳ್ಳು. ಹಾಕದೆ ಬಿಟ್ಟರೆ ಇಳಿಯುವುದೂ ಇಲ್ಲ. ನಿನ್ನ ತಮ್ಮನಿಗೆ ಮಾತ್ರ ಒಂದು ಮಾತು ಹೇಳು: ದಿನಾ ಸ್ವಲ್ಪ ಹೊತ್ತು ಬಯಲಲ್ಲಿ ಆಡಲಿ. ಹೊರಗಿನ ಬೆಳಕಲ್ಲಿ ಜಾಸ್ತಿ ಇರುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ. ಆ ಮೊಬೈಲ್ ಕಸಿದುಕೊಳ್ಳುವುದು ನಿನ್ನಿಂದಲೇ ಆಗಬೇಕು, ನಿಮ್ಮಪ್ಪನ ಮಾತು ಅವನು ಕೇಳುವುದಿಲ್ಲ.

ಈಗ ನನ್ನ ಕತೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಎಲ್ಲರಿಗೂ ಆಗುವುದೇ. ನಾನು ಮಾತ್ರ ನನಗೆ ಆಗಿಲ್ಲ ಅಂತ ಒಂದು ವರ್ಷ ನಟಿಸಿದೆ. ತಪ್ಪು ತಿದ್ದುವ ಪ್ರೂಫನ್ನು ಕೈಯುದ್ದ ದೂರ ಹಿಡಿದು ಓದುತ್ತಿದ್ದೆ. ಒಂದು ಲಗ್ನಪತ್ರಿಕೆಯಲ್ಲಿ ವ ಇರಬೇಕಾದ ಕಡೆ ಮ ಹಾಕಿದೆ. ಮುನ್ನೂರು ಪ್ರತಿ ಅಚ್ಚಾದವು, ಎಲ್ಲದರಲ್ಲೂ ವರ ಹೋಗಿ ಮರ! ಹುಡುಗನ ಅಪ್ಪ ಅಂಗಡಿ ಬಾಗಿಲಲ್ಲಿ ನಿಂತು, "ನನ್ನ ಮಗ ಯಾವ ಗಿಡ ಹೇಳ್ರಿ?" ಅಂದ. ನಿಮ್ಮಜ್ಜಿ ಸಾಯುವವರೆಗೂ ನನ್ನನ್ನು ಆಡಿಕೊಂಡಳು. ಆ ಹುಡುಗನ ಅಪ್ಪ ಬಂದುಹೋದ ಮರುದಿನವೇ ಕನ್ನಡಕ ಮಾಡಿಸಿದೆ.

ದೀಪಾವಳಿ ರಜೆಯಲ್ಲಿ ಬಾ. ರೈಲಿಗೆ ಹೊಸಪೇಟೆಗೆ ಹೋಗಿ ಅಲ್ಲಿಂದ ಹಂಪಿಗೆ ಹೋಗೋಣ. ಆ ಗೋಪುರವನ್ನು ಇನ್ನೊಮ್ಮೆ ನೋಡಬೇಕು. ಡಬ್ಬಿ ಮನೆಯಲ್ಲೇ ಬಿಡು, ಕನ್ನಡಕ ಮೂಗಿನ ಮೇಲಿರಲಿ.

ಇತಿ ನಿನ್ನ ಅಜ್ಜ